ಕಾಕಾನ ಹತ್ತು ಸೆಕೆಂಡು

ನನ್ನ ಕ್ಯಾಮೆರಾದ ಎಡಭುಜದ ಮೇಲೆ ಒಂದು ಸಣ್ಣ ಡಯಲ್ ಇದೆ. ಗುಂಡಿ ಒತ್ತಿದಾಗ ಫೋಟೋ ಹೇಗೆ ಬೀಳಬೇಕು ಅಂತ ಹೇಳೋದು ಅದರ ಕೆಲಸ. ಎಸ್‌ನಲ್ಲಿ ಇಟ್ಟರೆ ಒಂದು ಒತ್ತಿಗೆ ಒಂದೇ ಫೋಟೋ, ಸಿಎಚ್‌ನಲ್ಲಿ ಇಟ್ಟರೆ ಬೆರಳು ತೆಗೆಯೋವರೆಗೂ ಪಟಪಟ ಪಟಪಟ. ಕ್ಯೂ ಅಂದರೆ ಸದ್ದು ಕಮ್ಮಿ, ಗುಡಿಯೊಳಗೆ ಚಲೋ. ಗಡಿಯಾರದ ಚಿತ್ರ ಇರೋದು ಸೆಲ್ಫ್ ಟೈಮರ್. ಡಯಲ್ ಸುಮ್ನೆ ತಿರುಗಬಾರದು ಅಂತ ಪಕ್ಕದಲ್ಲೇ ಒಂದು ಲಾಕ್ ಗುಂಡಿ ಬೇರೆ ಕೊಟ್ಟಿದ್ದಾರೆ. ಇಷ್ಟೆಲ್ಲ ಯೋಚನೆ ಮಾಡಿದವರು ನಮ್ಮ ಕಾಕಾನನ್ನು ಮಾತ್ರ ಲೆಕ್ಕಕ್ಕೆ ಹಿಡಿದಿಲ್ಲ.

ಕಾಕಾ ಗದಗಿಗೆ ಬಂದರೆ ಮೊದಲು ಕೇಳೋದು ಚಹಾ ಅಲ್ಲ, ಕ್ಯಾಮೆರಾ. "ತಾ ಇಲ್ಲೆ, ನೋಡೂಣು" ಅಂತಾನೆ. ಆಮೇಲೆ ಲಾಕ್ ಗುಂಡಿ ಒತ್ತಿಕೊಂಡು, ಫ್ಯಾನಿನ ರೆಗ್ಯುಲೇಟರ್ ತಿರುವಿದ ಹಾಗೆ ಡಯಲನ್ನು ಆ ಕಡೆಯಿಂದ ಈ ಕಡೆ ತಿರುವಿ, ಎಲ್ಲಿ ಬೇಸರ ಬರುತ್ತೋ ಅಲ್ಲಿಗೆ ಬಿಟ್ಟು ವಾಪಸ್ ಕೊಡ್ತಾನೆ.

ಮೊನ್ನೆ ರವಿವಾರ ನಸುಕಿನಲ್ಲಿ ಮಾಗಡಿ ಕೆರೆಗೆ ಹೋಗಿದ್ದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಕೆರೆ ಅದು, 2024ರಲ್ಲಿ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹಿಂಡಿಗೆ ಹಿಂಡೇ ಎದ್ದಿತು. ಒತ್ತಿದೆ. ಬೀಪ್. ಬೀಪ್. ಬೀಪ್. ಹಿಂದಿನ ದಿನವಷ್ಟೇ ಕಾಕಾ ಬಂದು ಹೋಗಿದ್ದ. ಹತ್ತು ಸೆಕೆಂಡು ಆದ ಮೇಲೆ ಕ್ಯಾಮೆರಾ ಖಾಲಿ ಆಕಾಶದ ಒಂದು ಅಚ್ಚುಕಟ್ಟಾದ ಫೋಟೋ ತೆಗೆದುಕೊಟ್ಟಿತು.

ಹೋಗಲಿ, ಹೆಬ್ಬಾತು ಮುಂದಿನ ವರ್ಷವೂ ಬರುತ್ತೆ. ತಂಗಿಯ ಕುಬಸ, ಅಂದರೆ ಸೀಮಂತ, ಬರುತ್ತಾ?

ಕುಬಸದ ದಿನ ಸೆಲ್ಫ್ ಟೈಮರ್ ನಾನೇ ಬೇಕಂತಲೇ ಹಾಕಿದ್ದೆ, ನಾನೂ ಫೋಟೋದಲ್ಲಿ ಇರಬೇಕಲ್ಲ. ಹಸಿರು ಸೀರೆ ಉಟ್ಟ ತಂಗಿ ನಡುವೆ, ಸುತ್ತ ಹೆಂಗಸರು, ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಕಾ. ಒತ್ತಿ ಓಡಿಬಂದು ನಿಂತೆ. ಕಾಕಾ ಜೋರಾಗಿ ಎಣಿಸೋಕೆ ಶುರು ಮಾಡಿದ. "ಹತ್ತು, ಒಂಬತ್ತು, ಎಂಟು..." ಯಾರೂ ಎಣಿಸು ಅಂದಿರಲಿಲ್ಲ. ಅವನ ಸೆಕೆಂಡು ಕ್ಯಾಮೆರಾದ ಸೆಕೆಂಡಿಗಿಂತ ಸಣ್ಣದು. ಕ್ಯಾಮೆರಾ ಇನ್ನೂ ಆರಾಮಾಗಿ ಬೀಪ್ ಅಂತಿರುವಾಗಲೇ ಕಾಕಾನ ಲೆಕ್ಕ ಸೊನ್ನೆಗೆ ಬಂತು. "ಆತಲ್ಲಾ!" ಅಂತ ಎದ್ದ. ಕೊನೆಯ ಎರಡು ಸೆಕೆಂಡು ಬೀಪ್ ಗಡಿಬಿಡಿಯಲ್ಲಿ ಬಡಿದುಕೊಳ್ಳುತ್ತೆ, ಆ ಹೊತ್ತಿಗೆ ಅವನು ಲೆನ್ಸಿನ ಎದುರು ನಿಂತಿದ್ದ. ಫೋಟೋ ತುಂಬ ಧೋತ್ರ.

"ಕಾಕಾ, ಎಣಸಬ್ಯಾಡ."

"ಎಣಸಲಿಲ್ಲಂದ್ರ ಯಾವಾಗ ನಗಬೇಕಂತ ಮಂದಿಗೆ ಹೆಂಗ ಗೊತ್ತಾಗ್ಬೇಕೋ?"

ಎರಡನೇ ಸಲ ಮನಸ್ಸಿನಲ್ಲೇ ಎಣಿಸಿದ. ಅದು ಇನ್ನೂ ಫಾಸ್ಟ್. ಮೂರನೇ ಸಲದ ಹೊತ್ತಿಗೆ ಒಳಗಿಂದ ಹೋಳಿಗೆ ತುಪ್ಪದ ವಾಸನೆ ಬರ್ತಿತ್ತು, ಅರ್ಧ ಮಂದಿಯ ಕಣ್ಣು ಆಗಲೇ ಎಲೆ ಹಾಕಿದ ಕಡೆ ಹೋಗಿತ್ತು, ತಂಗಿ ನನ್ನನ್ನು ನೋಡಿದ ರೀತಿ ಇಲ್ಲಿ ಬರೆಯೋ ಹಾಗಿಲ್ಲ.

ರೀಲಿನ ಕಾಲದಲ್ಲಿ ನಮ್ಮ ಮನೆತನದ ಫೋಟೋಗ್ರಾಫರ್ ಕಾಕಾನೇ. ಅವನ ಕ್ಯಾಮೆರಾದ ಮುಂದೆ ಒಂದು ಸಣ್ಣ ಕಡ್ಡಿ ಇತ್ತು, ಅದನ್ನು ತಿರುವಿ ಬಿಟ್ಟರೆ ಝರ್ರ್ ಅನ್ನುತ್ತಾ ವಾಪಸ್ ಬರ್ತಿತ್ತು, ಅದೇ ಟೈಮರ್. 36 ಫೋಟೋದ ರೀಲು, ಒಂದನ್ನೂ ಹಾಳು ಮಾಡೋ ಹಾಗಿಲ್ಲ, ಅದಕ್ಕೇ ಎಣಿಕೆ. ಎಣಿಸುತ್ತಲೇ ಓಡಿಬಂದು ಕಾಕು ಪಕ್ಕ ನಿಲ್ಲೋನು. ಹಳೇ ಆಲ್ಬಮ್ಮಿನಲ್ಲಿ ಅವರಿಬ್ಬರೂ ಜೊತೆಗಿರುವ ಫೋಟೋ ಎಲ್ಲ ಹಂಗೇ ತೆಗೆದಿದ್ದು. ಕಾಕು ಹೋದ ಮೇಲೆ ಓಡೋ ಕಾರಣವೂ ಹೋಯ್ತು, ಮೊಣಕಾಲೂ ಹೋಯ್ತು. ಎಣಿಕೆ ಉಳಿದಿದೆ.

ಇದೆಲ್ಲ ಸರಿ, ಆದರೆ ನನಗೆ ಒಂದು ಫೋಟೋ ಬೇಕಿತ್ತು. ಮೆನುವಿನೊಳಗೆ ಹೋಗಿ ಟೈಮರನ್ನು 20 ಸೆಕೆಂಡಿಗೆ ಏರಿಸಿದೆ. ಕಾಕಾ ಎಷ್ಟೇ ಫಾಸ್ಟ್ ಎಣಿಸಲಿ, ಎದ್ದು ಬಂದು, ನೋಡಿ, ವಾಪಸ್ ಹೋಗಿ ಕೂರೋಕೆ ಟೈಮ್ ಸಿಗುತ್ತಲ್ಲ.

ಹಾಗೇ ಆಯ್ತು. ಎಣಿಸಿದ, ಎದ್ದ, ಲೆನ್ಸಿನೊಳಗೆ ಇಣುಕಿದ, "ಕೆಟ್ಟೇತಿ ಬಿಡ್ರಿ ಇದು" ಅಂದ, ತಿರುಗಿ ಹೋಗಿ ಕುರ್ಚಿಯಲ್ಲಿ ಕುಳಿತ. ಕ್ಲಿಕ್. ಫೋಟೋದಲ್ಲಿ ಕಾಕಾ ನೆಟ್ಟಗೆ ಕುಳಿತು ಕ್ಯಾಮೆರಾ ಕಡೆ ನೋಡ್ತಿದ್ದಾನೆ. ತಂಗಿಯನ್ನೂ ಸೇರಿಸಿ ಉಳಿದ ಅಷ್ಟೂ ಮಂದಿ ಕಾಕಾನ ಕಡೆ ನೋಡ್ತಿದ್ದಾರೆ.