ನೆಟಲ್ಸ್‌ಗೆ ರಾಜರಕ್ತ ಹುಡುಕುವುದನ್ನು ಬಿಡಿ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಸ್ಪಾಯ್ಲರ್ ತುಂಬಾ ಇದೆ. ‘ಹೌಸ್ ಆಫ್ ದ ಡ್ರ್ಯಾಗನ್’ ಎಂಬ ಇಂಗ್ಲಿಷ್ ಧಾರಾವಾಹಿಯ ಎರಡನೇ ಸೀಸನ್ ನೋಡದವರು, ಅದರ ಮೂಲ ಪುಸ್ತಕ ಓದಬೇಕು ಅಂದುಕೊಂಡವರು ಇಲ್ಲೇ ನಿಲ್ಲಿಸಿ. ನೋಡಿ, ಓದಿ, ಆಮೇಲೆ ಬನ್ನಿ.

2024ರ ಆಗಸ್ಟ್ ಮೊದಲ ವಾರ ಆ ಸೀಸನ್ ಮುಗಿದಾಗಿನಿಂದ ಶಿರಾ, ತುಮಕೂರಿನ ನಮ್ಮ ಗೆಳೆಯರ ನಡುವೆ ಒಂದೇ ಗಲಾಟೆ. ‘ಯುದ್ಧ ಎಲ್ಲಿ? ಎಂಟು ಎಪಿಸೋಡ್ ಕಾಯಿಸಿ, ಸೈನ್ಯ ಹೊರಡೋದನ್ನ ತೋರಿಸಿ ಮುಗಿಸಿಬಿಟ್ರಲ್ಲ!’ ಸೋಮವಾರ ಬೆಳಗ್ಗೆ ಆರೂವರೆಗೆ ಬರುವ ಎಪಿಸೋಡನ್ನು ಬೆಂಗಳೂರಿನ ರೈಲಿನಲ್ಲಿ ಕೂತು ನೋಡುತ್ತಿದ್ದ ಹುಡುಗರಿಗೆ ಈ ಸಿಟ್ಟು ಬಂದಿದ್ದು ಸಹಜ. ಮೊದಲ ಸೀಸನ್‌ನಲ್ಲಿ ಹತ್ತು ಎಪಿಸೋಡ್ ಇತ್ತು, ಇದರಲ್ಲಿ ಎಂಟೇ. ಆದರೆ ಯುದ್ಧ ತಡವಾದರೂ ಬಂದೇ ಬರುತ್ತದೆ. ನನ್ನ ಸಂಕಟ ಬೇರೆ. ಬರಲೇಬೇಕಾಗಿದ್ದ ಒಬ್ಬ ಹುಡುಗಿ ಬರಲೇ ಇಲ್ಲ.

ಅವಳೇ ನೆಟಲ್ಸ್. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ತಂದ ‘ಫೈರ್ ಅಂಡ್ ಬ್ಲಡ್’ ಈ ಧಾರಾವಾಹಿಗೆ ಮೂಲ. ಸಿಂಹಾಸನಕ್ಕಾಗಿ ಟಾರ್ಗೇರಿಯನ್ ಮನೆತನದವರೇ ಎರಡು ಬಣವಾಗಿ ಹೊಡೆದಾಡುವ ಕಥೆ. ರೆನೈರಾ ರಾಣಿಯ ಕಡೆ ಡ್ರ್ಯಾಗನ್‌ಗಳಿವೆ, ಸವಾರರು ಸಾಲದು. ಯಾರ ಮೈಯಲ್ಲಾದರೂ ರಾಜವಂಶದ ರಕ್ತ ಸ್ವಲ್ಪ ಹರಿಯುತ್ತಿರಬಹುದು, ಬಂದು ಪ್ರಯತ್ನಿಸಲಿ, ಗೆದ್ದವರಿಗೆ ಭೂಮಿ, ದುಡ್ಡು, ಪದವಿ ಕೊಡುತ್ತೇವೆ ಎಂದು ಸಾರುತ್ತಾರೆ. ಬಂದವರಲ್ಲಿ ಎಷ್ಟೋ ಜನ ಸುಟ್ಟು ಸಾಯುತ್ತಾರೆ. ಗೆದ್ದವರು ನಾಲ್ವರು. ಹ್ಯೂ, ಉಲ್ಫ್, ಆಡಮ್ ಮತ್ತು ನೆಟಲ್ಸ್.

ಮೊದಲ ಮೂವರಿಗೆ ಸಿಕ್ಕಿದ್ದು ಹಿಂದೆ ಸವಾರರಿದ್ದ ಡ್ರ್ಯಾಗನ್‌ಗಳು. ಮನುಷ್ಯರ ಅಭ್ಯಾಸ ಅವಕ್ಕೆ ಇತ್ತು. ನೆಟಲ್ಸ್ ಗೆದ್ದಿದ್ದು ಅದುವರೆಗೆ ಯಾರೂ ಸವಾರಿ ಮಾಡದಿದ್ದ ಕಾಡು ಡ್ರ್ಯಾಗನ್ ಅನ್ನು. ಅದರ ಹೆಸರು ಶೀಪ್‌ಸ್ಟೀಲರ್. ಕೆಸರಿನ ಬಣ್ಣ, ನೋಡಲು ಚೆನ್ನಾಗಿಲ್ಲ, ಕುರಿಮಾಂಸ ಅಂದರೆ ಪ್ರಾಣ. ಅಡ್ಡ ಬರದಿದ್ದರೆ ಕುರುಬರ ತಂಟೆಗೆ ಹೋಗುವುದಿಲ್ಲ, ಆದರೆ ಅವರ ನಾಯಿಗಳನ್ನು ಒಮ್ಮೊಮ್ಮೆ ನುಂಗಿದ್ದುಂಟು. ಮಾರ್ಟಿನ್ ಇಂಥ ಸಣ್ಣ ವಿವರಗಳನ್ನು ಬರೆಯುವುದರಿಂದಲೇ ಆ ಲೋಕ ನಂಬಿಕೆ ಹುಟ್ಟಿಸುತ್ತದೆ.

ನೆಟಲ್ಸ್ ತಂದೆ ಯಾರು ಅಂತ ಯಾರಿಗೂ ಗೊತ್ತಿಲ್ಲ. ಇರಲು ಮನೆಯಿಲ್ಲ. ಕಂದು ಮೈಬಣ್ಣ, ಕಪ್ಪು ಕೂದಲು, ಒಣಕಲು ಮೈ, ಒರಟು ಬಾಯಿ. ಕದ್ದು ಸಿಕ್ಕಿಬಿದ್ದಾಗ ಸೀಳಿದ್ದ ಮೂಗಿನ ಗಾಯ ಬೇರೆ. ಬೆಳ್ಳಿ ಕೂದಲಿನ ರಾಜಕುಮಾರಿಯರ ನಡುವೆ ಅವಳಿಗೆ ಜಾಗವೇ ಇಲ್ಲ. ಅವಳು ಮಾಡಿದ್ದು ಒಂದೇ ಕೆಲಸ. ದಿನಾ ಬೆಳಗ್ಗೆ ಆಗತಾನೆ ಕೊಯ್ದ ಕುರಿಯೊಂದನ್ನು ತಂದು ಅದರ ಮುಂದೆ ಇಟ್ಟಳು. ಅದು ಅವಳನ್ನು ಒಪ್ಪಿಕೊಳ್ಳುವವರೆಗೂ, ಅವಳ ದಾರಿ ಕಾಯಲು ಶುರುಮಾಡುವವರೆಗೂ.

ಕುರಿ ಸಾಕಿ ಬದುಕಿದ ನಮ್ಮ ದೊಡ್ಡಪ್ಪನಿಗೆ ಈ ಕಥೆ ಹೇಳಿದ್ದೆ. ಡ್ರ್ಯಾಗನ್ ಬಗ್ಗೆ ಅವರು ಏನೂ ಕೇಳಲಿಲ್ಲ. ‘ಅಲ್ಲ ಕಣೋ, ದಿನಾ ಒಂದೊಂದು ಕುರಿ ಎಲ್ಲಿಂದ ತರ್ತಿದ್ಲು ಆ ಹುಡುಗಿ?’ ಅಂದರು. ಎಂಥ ಪ್ರಶ್ನೆ ನೋಡಿ! ಇವತ್ತು ಸಂತೆಯಲ್ಲಿ ಒಳ್ಳೆಯ ಟಗರಿಗೆ ಹತ್ತು ಸಾವಿರದ ಮೇಲೆ ಕೊಡಬೇಕು. ಕೈಯಲ್ಲಿ ಕಾಸಿಲ್ಲದವಳು ಅಷ್ಟು ಕುರಿ ಎಲ್ಲಿಂದ ತಂದಳು? ಕದ್ದಿರಬೇಕು. ಯಾವುದೋ ರೊಪ್ಪಕ್ಕೆ ರಾತ್ರಿ ನುಗ್ಗಿ, ನಾಯಿಗೆ ಗೊತ್ತಾಗದ ಹಾಗೆ ಎತ್ತಿ, ಕತ್ತಲಲ್ಲಿ ಹೊತ್ತುಕೊಂಡು ಬೆಟ್ಟ ಹತ್ತಿರಬೇಕು. ಒಂದು ಕುರಿ ಹೊತ್ತು ಬೆಟ್ಟ ಹತ್ತುವುದು ಎಂಥ ಕೆಲಸ ಅಂತ ನಮ್ಮ ಶಿರಾ, ಪಾವಗಡದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದೂ ದಿನಾ. ಅದೂ ಇವತ್ತು ಕುರಿಯ ಜೊತೆ ತನ್ನನ್ನೂ ತಿನ್ನಬಹುದು ಅನ್ನುವ ಭಯ ಇಟ್ಟುಕೊಂಡು.

ಈಗ ಧಾರಾವಾಹಿಗೆ ಬರೋಣ. ಅಲ್ಲಿ ಹ್ಯೂ, ಉಲ್ಫ್, ಆಡಮ್ ಮೂವರೂ ಬಂದರು. ಹ್ಯೂಗೆ ತಾಯಿಯ ಕಡೆಯಿಂದ ರಾಜರಕ್ತ ಎಂದು ಅವನ ಬಾಯಲ್ಲೇ ಹೇಳಿಸಿದರು. ಉಲ್ಫ್ ತಾನು ಬೇಲಾನ್ ರಾಜಕುಮಾರನ ಮಗ ಎನ್ನುತ್ತಾನೆ. ಆಡಮ್ ರಾಣಿಯ ಕಡೆಯ ನೌಕಾಪಡೆಯ ಒಡೆಯ ಕಾರ್ಲಿಸ್ ವೆಲೇರಿಯನ್‌ನ ಮಗ. ನೆಟಲ್ಸ್ ಇಲ್ಲ. ಅವಳ ಬದಲು ರಾಣಿಯ ಗಂಡ ಡೇಮನ್‌ನ ಮಗಳು ರೇನಾ ವೇಲ್ ಎಂಬ ಸೀಮೆಯ ಬೆಟ್ಟಗಳಲ್ಲಿ ಕಾಡು ಡ್ರ್ಯಾಗನ್ ಹುಡುಕಿಕೊಂಡು ಹೋಗುತ್ತಾಳೆ. ಸುಟ್ಟ ಕುರಿಗಳ ಗುರುತು ಕಂಡಾಗಲೇ ಅದು ಶೀಪ್‌ಸ್ಟೀಲರ್ ಎಂದು ಪುಸ್ತಕ ಓದಿದವರಿಗೆಲ್ಲ ಅರ್ಥವಾಯಿತು. ‘ನೆಟಲ್ಸ್ ಪಾತ್ರವನ್ನು ರೇನಾಗೆ ಕೊಡುತ್ತಾರೆ’ ಅನ್ನುವ ಅಭಿಮಾನಿಗಳ ಥಿಯರಿ ನಿಜವಾಯಿತು ಎಂದು ಎಷ್ಟೋ ಜನ ಖುಷಿಪಟ್ಟರು. ನನಗೆ ಹೊಟ್ಟೆ ಉರಿಯಿತು.

ಯಾಕೆಂದರೆ ಇದರಲ್ಲಿ ಇಬ್ಬರಿಗೂ ಅನ್ಯಾಯ ಆಗಿದೆ. ಪುಸ್ತಕದಲ್ಲಿ ರೇನಾಗೆ ಅವಳದೇ ಚೆಂದದ ಕಥೆ ಇದೆ. ಮೊಟ್ಟೆಗಳನ್ನು ಇಟ್ಟುಕೊಂಡು ಕಾಯುತ್ತಾಳೆ, ಕೊನೆಗೆ ಒಂದು ಒಡೆದು ‘ಮಾರ್ನಿಂಗ್’ ಎಂಬ ಮರಿ ಬರುತ್ತದೆ. ಎಲ್ಲರೂ ಡ್ರ್ಯಾಗನ್‌ಗಳನ್ನು ಕಳೆದುಕೊಳ್ಳುತ್ತಿರುವ ಯುದ್ಧದಲ್ಲಿ ಒಂದು ಹೊಸ ಜೀವ. ಅದನ್ನು ಬಿಟ್ಟು ಅವಳನ್ನು ಇನ್ನೊಬ್ಬಳ ಡ್ರ್ಯಾಗನ್ ಹಿಂದೆ ಓಡಿಸಿದರು. ಮಾರ್ಟಿನ್ 2024ರಲ್ಲೇ ತಮ್ಮ ಬ್ಲಾಗಿನಲ್ಲಿ, ತಮ್ಮ ಡ್ರ್ಯಾಗನ್‌ಗಳು ಅಲೆಮಾರಿಗಳಲ್ಲ, ನೆಲೆ ಬಿಟ್ಟು ವೇಲ್‌ನಂಥ ಕಡೆ ಬೇಟೆಗೆ ಸುತ್ತುವುದಿಲ್ಲ ಎಂದು ಬರೆದರು. ಸೆಪ್ಟೆಂಬರ್‌ನಲ್ಲಿ ಮೇಲರ್ ಎಂಬ ಮಗುವಿನ ಪಾತ್ರ ತೆಗೆದಿದ್ದರ ಬಗ್ಗೆ ಇನ್ನೊಂದು ಬರಹ ಹಾಕಿ, ಸ್ವಲ್ಪ ಹೊತ್ತಿಗೇ ಅಳಿಸಿದರು. ಸಣ್ಣ ಪಾತ್ರ ತೆಗೆದರೆ ಮುಂದೆ ದೊಡ್ಡ ದೊಡ್ಡ ಘಟನೆಗಳು ಕುಸಿಯುತ್ತವೆ ಎಂಬುದು ಅವರ ವಾದ. ಅದೇ ವಾದ ನೆಟಲ್ಸ್‌ಗೆ ಇನ್ನೂ ಜಾಸ್ತಿ ಒಪ್ಪುತ್ತದೆ.

ಧಾರಾವಾಹಿಯವರನ್ನು ಮಾತ್ರ ಬೈದರೆ ಸಾಲದು. ನಮ್ಮ ಅಭಿಮಾನಿಗಳ ಥಿಯರಿಗಳನ್ನೂ ನೋಡಿ. ನೆಟಲ್ಸ್ ಡೇಮನ್‌ಗೆ ಗುಟ್ಟಾಗಿ ಹುಟ್ಟಿದ ಮಗಳು ಅನ್ನುವುದು ಒಂದು. ಅವಳ ತಾತನೋ ಮುತ್ತಾತನೋ ಯಾವನೋ ರಾಜಕುಮಾರ ಅನ್ನುವುದು ಇನ್ನೊಂದು. ಡೇಮನ್ ಅವಳನ್ನು ಅಷ್ಟು ಹಚ್ಚಿಕೊಂಡಿದ್ದ, ಆದ್ದರಿಂದ ಮಗಳೇ ಇರಬೇಕಂತೆ. ಎಲ್ಲರ ಹುಡುಕಾಟವೂ ರಕ್ತಕ್ಕೆ. ಕಣ್ಣೆದುರು ಸತ್ತ ಕುರಿಗಳ ರಾಶಿಯೇ ಬಿದ್ದಿದ್ದರೂ ಅವಳು ಹೇಗೆ ಗೆದ್ದಳು ಎಂದು ಕೇಳುತ್ತೇವಲ್ಲ!

ನಮಗೆ ಈ ಚಟ ಹಳೆಯದು. ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಈಗಲೂ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ಆಡುತ್ತಾರೆ. ಕರ್ಣ ಮತ್ತು ಕುಂತಿಯ ದೃಶ್ಯ ಬಂದರೆ ನಿದ್ದೆಗಣ್ಣಿನವರೂ ಎದ್ದು ಕೂರುತ್ತಾರೆ. ನನಗೂ ಆ ದೃಶ್ಯ ಬಹಳ ಇಷ್ಟ. ಆದರೆ ಸೂತಪುತ್ರ ಎಂದು ಎಲ್ಲರೂ ಹೀಯಾಳಿಸಿದವನು ಕೊನೆಗೆ ಸೂರ್ಯನ ಮಗ, ಕುಂತಿಯ ಮಗ ಎಂದು ಗೊತ್ತಾದಾಗ ನಮ್ಮೊಳಗೆ ಒಂದು ಸಮಾಧಾನ ಆಗುತ್ತದೆ, ಅಲ್ವಾ? ಓ, ಅದಕ್ಕೇ ಅಷ್ಟು ದೊಡ್ಡ ಬಿಲ್ಲುಗಾರ ಎಂದು. ಏಕಲವ್ಯನ ಕಥೆಯಲ್ಲಿ ಆ ಸಮಾಧಾನ ಸಿಗುವುದಿಲ್ಲ. ಅವನು ಬೇಡರ ಹುಡುಗನಾಗಿಯೇ ಕಲಿತ, ಹೆಬ್ಬೆರಳು ಕೊಟ್ಟ. ನೆಟಲ್ಸ್‌ಳನ್ನು ಏಕಲವ್ಯನ ಪಕ್ಕದಲ್ಲಿ ನಿಲ್ಲಿಸಬೇಕು. ನಾವು ಹಟ ಹಿಡಿದು ಕರ್ಣನ ಪಕ್ಕಕ್ಕೆ ಎಳೆಯುತ್ತಿದ್ದೇವೆ.

ಮಾರ್ಟಿನ್ ಲೋಕದ ಚರಿತ್ರೆಯಲ್ಲೇ ಇದಕ್ಕೆ ಉತ್ತರ ಇದೆ. ಡ್ರ್ಯಾಗನ್ ಮೇಲೆ ಕೂತು ಜಗತ್ತು ಆಳಿದ, ಟಾರ್ಗೇರಿಯನ್ ಮನೆತನದ ಪೂರ್ವಜರಾದ ವಲೀರಿಯದವರು ಮೊದಲು ಯಾರಾಗಿದ್ದರು? ಕುರಿ ಕಾಯುವವರು. ಜ್ವಾಲಾಮುಖಿಗಳ ನಡುವೆ ಡ್ರ್ಯಾಗನ್ ಕಂಡವರು, ಅವನ್ನು ಪಳಗಿಸಿದವರು ಆ ಕುರುಬರೇ. ಆಮೇಲೆ ಅವರ ವಂಶದವರು ನಮ್ಮ ರಕ್ತವೇ ಬೇರೆ ಎಂದರು, ರಕ್ತ ಕೆಡಬಾರದೆಂದು ಅಣ್ಣ ತಂಗಿಯರೇ ಮದುವೆಯಾದರು. ಮೊದಲ ಕುರುಬ ಮೊದಲ ಡ್ರ್ಯಾಗನ್‌ಗೆ ಏನು ಕೊಟ್ಟು ಸ್ನೇಹ ಮಾಡಿಕೊಂಡಿರಬಹುದು? ಅವನ ಹತ್ತಿರ ಇದ್ದಿದ್ದು ಕುರಿ ತಾನೇ. ಹಾಗಾದರೆ ನೆಟಲ್ಸ್ ಆ ಮೊದಲ ಕೆಲಸವನ್ನೇ ಮತ್ತೆ ಮಾಡಿ ತೋರಿಸಿದಳು. ಇದೂ ಒಂದು ಥಿಯರಿಯೇ, ನಾನು ಅದನ್ನು ಪೂರ್ತಿ ನಂಬುತ್ತೇನೆ.

ಎರಡನೇ ಸೀಸನ್‌ನಲ್ಲಿ ನನಗೆ ತುಂಬಾ ಹಿಡಿಸಿದ ಮಾತುಕತೆ ರೆನೈರಾ ರಾಣಿ ಮತ್ತು ಅವಳ ಮಗ ಜೇಸ್ ನಡುವಿನದು. ಯಾರು ಬೇಕಾದರೂ ಡ್ರ್ಯಾಗನ್ ಹತ್ತಬಹುದಾದರೆ ತನ್ನ ಹಕ್ಕು ಏನಾಗುತ್ತದೆ ಎಂದು ಅವನು ರೇಗುತ್ತಾನೆ. ಅವನ ಹುಟ್ಟಿನ ಬಗ್ಗೆ ಮೊದಲೇ ಜನ ಆಡಿಕೊಳ್ಳುತ್ತಾರೆ. ಡ್ರ್ಯಾಗನ್ ಒಂದೇ ಅವನ ಸಾಕ್ಷಿ. ಆ ಹೊತ್ತಿಗೆ ಅವನ ಎದುರು ರಕ್ತದ ನೆಪವೂ ಇಲ್ಲದ ನೆಟಲ್ಸ್ ಬಂದು ನಿಂತಿದ್ದರೆ ಆ ಭಯಕ್ಕೆ ಎಷ್ಟು ತೂಕ ಬರುತ್ತಿತ್ತು!

ಮುಂದೆ ಪುಸ್ತಕದಲ್ಲಿ ಹ್ಯೂ, ಉಲ್ಫ್ ದ್ರೋಹ ಮಾಡುತ್ತಾರೆ. ರಾಣಿಗೆ ಉಳಿದವರ ಮೇಲೂ ಅನುಮಾನ. ಏನೂ ತಪ್ಪು ಮಾಡದ ನೆಟಲ್ಸ್ ತಲೆ ಕಳಿಸಿ ಎಂದು ಪತ್ರ ಬರೆಸುತ್ತಾಳೆ. ಅವಳನ್ನು ನೋಡಿದರೇ ಗೊತ್ತಾಗುತ್ತದೆ, ಡ್ರ್ಯಾಗನ್ ರಕ್ತ ಒಂದು ಹನಿಯೂ ಇಲ್ಲ, ಮಾಟಮಂತ್ರ ಮಾಡಿದ್ದಾಳೆ ಎಂಬುದು ರಾಣಿಯ ಮಾತು. ದಿನಾ ಕುರಿ ಹೊತ್ತ ಶ್ರಮಕ್ಕೆ ಅರಮನೆ ಕೊಟ್ಟ ಹೆಸರು ಮಾಟ. ಈ ಮಾತನ್ನು ರೇನಾ ಬಗ್ಗೆ ಹೇಳಲು ಆಗುವುದೇ ಇಲ್ಲ. ಆದ್ದರಿಂದ ಮೂರನೇ ಸೀಸನ್‌ನಲ್ಲಿ ರೇನಾ ಕೈಯಲ್ಲಿ ಎಷ್ಟು ಕುರಿ ಕೊಡಿಸಿದರೂ ಕಥೆ ಅದೇ ಆಗುವುದಿಲ್ಲ. ಸೋತರೆ ಅವಳಿಗೆ ವಾಪಸ್ ಹೋಗಲು ಕೋಟೆ ಇದೆ.

ಪುಸ್ತಕದಲ್ಲಿ ಡೇಮನ್ ನೆಟಲ್ಸ್‌ಳನ್ನು ಬಿಟ್ಟುಕೊಡಲಿಲ್ಲ. ನೆಟಲ್ಸ್ ಬೆಳಗ್ಗೆ ಡ್ರ್ಯಾಗನ್ ಹತ್ತಿ ಹೋದಳು, ಮತ್ತೆ ಅರಮನೆಯ ಕಡೆ ಬರಲಿಲ್ಲ. ವರ್ಷಗಳ ನಂತರ ವೇಲ್ ಬೆಟ್ಟಗಳ ಒಂದು ಬುಡಕಟ್ಟಿನವರು ಡ್ರ್ಯಾಗನ್ ಇಟ್ಟುಕೊಂಡ ಬೆಂಕಿಯ ಮಾಟಗಾತಿಯನ್ನು ಪೂಜಿಸುತ್ತಿದ್ದರು, ಹುಡುಗರು ಅವಳಿಗೆ ಕಾಣಿಕೆ ಒಯ್ಯಬೇಕಿತ್ತು ಎಂದು ಪುಸ್ತಕ ಹೇಳುತ್ತದೆ. ಅದು ನೆಟಲ್ಸ್ ಎಂಬುದು ಬಹಳ ಓದುಗರ ಥಿಯರಿ. ಶಿರಾ ಸುತ್ತ ಕಾಡುಗೊಲ್ಲರು ಗಣೆ ಎಂಬ ಬಿದಿರಿನ ಕೊಳಲು ಊದುತ್ತಾ ತಮ್ಮ ದೈವ ಜುಂಜಪ್ಪನ ಕಥೆ ಹಾಡುವುದನ್ನು ಕೇಳಿದವರಿಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಅರಮನೆಯವರು ಬರೆದಿಡದ್ದನ್ನು ಗುಡ್ಡದ ಜನ ಹಾಡಿನಲ್ಲಿ ಇಟ್ಟುಕೊಂಡಿರುತ್ತಾರೆ.

ಧಾರಾವಾಹಿ ನಾಲ್ಕನೇ ಸೀಸನ್‌ಗೆ ಮುಗಿಯುತ್ತದೆ ಎಂದು ಅದರ ಮುಖ್ಯಸ್ಥ ರಯಾನ್ ಕಾಂಡಲ್ 2024ರಲ್ಲೇ ಹೇಳಿದ್ದಾರೆ. ಡ್ರ್ಯಾಗನ್ ಎಷ್ಟು ಸತ್ತವು, ಯಾರು ಗೆದ್ದರು ಎಂಬ ಲೆಕ್ಕ ಆಗ ನಡೆಯಲಿ. ಅದಕ್ಕೆ ಮುಂಚೆ ಥಿಯರಿ ಬರೆಯುವ ಗೆಳೆಯರಲ್ಲಿ ಒಂದೇ ಕೇಳಿಕೆ. ನೆಟಲ್ಸ್ ಅಪ್ಪ ಯಾರು ಅನ್ನುವುದನ್ನು ಬಿಟ್ಟು, ನಮ್ಮ ದೊಡ್ಡಪ್ಪನ ಪ್ರಶ್ನೆಗೆ ಥಿಯರಿ ಬರೆಯಿರಿ. ಅಷ್ಟು ಕುರಿ ಅವಳು ಎಲ್ಲಿಂದ, ಹೇಗೆ ತಂದಳು? ಅದನ್ನು ಓದಲು ನಾನು ಕಾಯುತ್ತಿದ್ದೇನೆ.