ಇಸಿ ನಿಲ್ ಅದ ಸರ್!

ಸೇಡಂ ರೋಡಿನ ಕಡೆ ಒಂದು 30-40ರ ಪ್ಲಾಟ್ ನೋಡಿದ್ದೆ. (ನಮ್ಮ ಕಲಬುರಗಿಯಲ್ಲಿ ಸೈಟ್ ಅನ್ನೋರು ಕಡಿಮೆ, ಪ್ಲಾಟೇ.) ಏಜೆಂಟ್ ಮೊದಲ ದಿನವೇ ಒಂದು ಹಾಳೆ ಕೈಗಿಟ್ಟ. "ಇಸಿ ನಿಲ್ ಅದ ಸರ್, ಚಿಂತಿ ಮಾಡಬ್ಯಾಡ್ರಿ" ಅಂದ. ಸುಮ್ನೆ ತಲೆಯಾಡಿಸಿದೆ. ಹಾಗಂದ್ರೇನು ಅಂತ ಕೇಳಿದರೆ ದಡ್ಡ ಅಂದುಕೊಂಡಾನು ಅನ್ನೋ ನಾಚಿಕೆ. ಅದೇ ಸಂಜೆ 50 ಸಾವಿರ ಬಯಾನಾ, ಅಂದರೆ ಮುಂಗಡ, ಕೊಟ್ಟು ಬಂದೆ.

ವಕೀಲರ ಹತ್ತಿರ ಹೋದದ್ದು ಆಮೇಲೆ. ಅವರು ಕೇಳಿದ್ದು ಒಂದೇ ಮಾತು: "ಎಷ್ಟು ವರ್ಷದ್ದು ನಿಲ್?" ನೋಡಿದರೆ 13 ವರ್ಷದ್ದು. ಇಸಿ ಅಂದರೆ ಋಣಭಾರ ಪತ್ರ. ನಾವು ಕೇಳಿದ ಅವಧಿಯಲ್ಲಿ ಆ ಜಾಗದ ಮೇಲೆ ಏನು ನೋಂದಣಿಯಾಗಿದೆಯೋ ಅಷ್ಟನ್ನೇ ಅದು ಹೇಳುತ್ತದೆ. ಇದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16, ಅದೇ 'ನಿಲ್'. ಅದಕ್ಕೂ ಹಿಂದಿನದು, ನೋಂದಣಿಯೇ ಆಗದ ಕೈಬರಹದ ವ್ಯವಹಾರ, ಅಕ್ಕತಂಗಿಯರ ಪಾಲಿನ ತಕರಾರು ಇದ್ಯಾವುದೂ ಅದಕ್ಕೆ ಗೊತ್ತಿಲ್ಲ.

ಮೂಲಪತ್ರ ಕೇಳಿದೆವು. ಮಾರುವವರು ತಂದದ್ದು ಅಜ್ಜನ ಕಾಲದ ಉರ್ದು ಕಾಗದದ ಜೆರಾಕ್ಸ್. 1948ರವರೆಗೆ ನಾವು ನಿಜಾಮರ ಕೈಕೆಳಗೆ ಇದ್ದವರಲ್ವಾ, ಹಳೇ ಕಾಗದ ಹೀಗೇ ಇರುತ್ತವೆ. "ಅಜ್ಜ ಖರೀದಿ ಮಾಡಿದ್ದು ಇದೇ ನೋಡ್ರಿ" ಅಂದರು. ಅವರಿಗೂ ಉರ್ದು ಓದಲು ಬರುತ್ತಿರಲಿಲ್ಲ!

ದರ್ಗಾದ ಕಡೆ ಇರುವ ಒಬ್ಬ ನಿವೃತ್ತ ಮೇಷ್ಟ್ರ ಹತ್ತಿರ ಒಯ್ದೆ. ಕನ್ನಡಕ ಹಣೆಗೇರಿಸಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು. ತಾರೀಕಿನ ಜಾಗದಲ್ಲಿ 1350 ಫಸಲಿ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷದ ಲೆಕ್ಕ. ಅದಕ್ಕೆ 590 ಸೇರಿಸಿದರೆ ಹೆಚ್ಚುಕಮ್ಮಿ ನಮ್ಮ ಇಸವಿ, 1940. ಮೇಲಿನ ಸಾಲಿನ ಮೇಲೆ ಬೆರಳಿಟ್ಟು, "ಇದು ಬೈನಾಮಾ ಅಲ್ಲಪ್ಪಾ, ರಹನ್‌ನಾಮಾ ಅದ" ಅಂದರು. ಖರೀದಿ ಪತ್ರವಲ್ಲ, ಅಡಮಾನ ಪತ್ರ. ಅಜ್ಜ ಹೊಲ ಕೊಂಡಿರಲಿಲ್ಲ, ಸಾಲ ಕೊಟ್ಟು ಒತ್ತೆ ಹಿಡಿದಿದ್ದ. ಆಮೇಲೆ ಅದು ಬಿಡಿಸಿಕೊಂಡದ್ದೋ ಮಾರಿದ್ದೋ, ಒಂದು ಚೀಟಿಯೂ ಇಲ್ಲ.

ಪಹಣಿಯಲ್ಲಿ ಮಾತ್ರ ಮಾರುವವರದೇ ಹೆಸರು. ಅದನ್ನೇ ಹಿಡಿದು ವಾದಿಸಿದರು. ಪಹಣಿ, ಮ್ಯುಟೇಶನ್ (ದಾಖಲೆಯಲ್ಲಿ ಹೆಸರು ಬದಲಾವಣೆ) ಕಂದಾಯದ ಲೆಕ್ಕಕ್ಕೆ ಬೇಕು. ಅದೊಂದರಿಂದಲೇ ಮಾಲೀಕತ್ವ ಬರುವುದಿಲ್ಲ. ಕರಾರು ಪತ್ರವೂ ಅಷ್ಟೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ನೋಡಿ: ಮಾರುತ್ತೇನೆ ಅನ್ನೋ ಒಪ್ಪಂದದಿಂದ ಜಾಗದ ಹಕ್ಕು ಹುಟ್ಟಲ್ಲ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಕೊಂಡರೂ ಮಾಲೀಕರಾಗಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೂ ಇಲ್ಲಿ ಜಿಪಿಎ ಮೇಲೆ ಪ್ಲಾಟ್ ಕೈ ಬದಲಾಗೋದು ನಿಂತಿಲ್ಲ, ಯಾಕೆಂದರೆ ರಜಿಸ್ಟ್ರಿ ಖರ್ಚು ಉಳಿಯುತ್ತೆ ಅನ್ನೋ ಆಸೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಏರಿದೆ. ಆಸೆ ಇನ್ನೂ ಜಾಸ್ತಿ ಆಗಿರಬೇಕು.

'ಎನ್ಎ ಆಗ್ಯಾದ', ಅಂದರೆ ಹೊಲ ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆ ಅನ್ನೋದು ಇನ್ನೊಂದು ಮಂತ್ರ. ಆದೇಶದ ಪ್ರತಿ ಕೇಳಿ. ಎಷ್ಟೋ ಸಲ ಆಗಿರೋದು ಅರ್ಜಿ ಮಾತ್ರ.

ವಕೀಲರು ಕೈ ಮುಗಿದು ಬೇಡ ಅಂದರು, ಬಿಟ್ಟೆ. ಬಯಾನಾದಲ್ಲಿ 30 ಸಾವಿರ ವಾಪಸ್ ಬಂದಿದೆ. ಉಳಿದ 20ಕ್ಕೆ "ಐತವಾರ ಕೊಡ್ತೀನ್ರಿ" ಅಂತಾನೆ ಏಜೆಂಟ್. ಯಾವ ಐತವಾರ ಅಂತ ಹೇಳಿಲ್ಲ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ನೋಡಿದೆ, ಪ್ಲಾಟಿಗೆ ಹೊಸ ಕಲ್ಲು ನೆಟ್ಟಿದ್ದಾರೆ. ಪಕ್ಕದ ಬೇವಿನ ಮರಕ್ಕೆ ಬೋರ್ಡು: ಕ್ಲಿಯರ್ ಟೈಟಲ್, ಇಸಿ ನಿಲ್.