ಗೋಲ್ ಲಿಸ್ಟ್ ನೋಡಿ ಫಾರ್ವರ್ಡ್‌ಗಳಿಗೆ ಬೈಯೋರಿಗೆ ಒಂದ್ ಮಾತು

ಹಾಕಿಯ ದೊಡ್ಡ ಟೂರ್ನಮೆಂಟ್ ಮುಗೀತು ಅಂದ್ರೆ ಸಾಕು, ಯಾರಾದ್ರೂ ಟಾಪ್ ಸ್ಕೋರರ್ ಲಿಸ್ಟ್ ಹಾಕ್ತಾರೆ, ಅದ್ರ ಕೆಳಗೆ "ನಮ್ ಫಾರ್ವರ್ಡ್‌ಗಳು ದಂಡ ಗುರು, ಡಿಫೆಂಡರೇ ಬಂದು ಗೋಲ್ ಹೊಡೀಬೇಕು" ಅಂತ ಶುರು. ಪ್ಯಾರಿಸ್ ಆದ್ಮೇಲೆ ಇದು ಜಾಸ್ತಿ ಆಯ್ತು. 2024ರ ಆ ಒಲಿಂಪಿಕ್ಸಲ್ಲಿ ಇಂಡಿಯಾ ಹೊಡೆದಿದ್ದು 15 ಗೋಲು, ಅದ್ರಲ್ಲಿ 10 ಡಿಫೆಂಡರ್ ಹರ್ಮನ್‌ಪ್ರೀತ್ ಸಿಂಗ್ ಒಬ್ರದ್ದೇ, ಸ್ಪೇನ್ ಮೇಲೆ 2-1ರಲ್ಲಿ ಕಂಚು ಗೆದ್ದ ಮ್ಯಾಚಲ್ಲಿ ಎರಡೂ ಅವ್ರದ್ದೇ. ಅವ್ರ ದೊಡ್ಡತನದ ಬಗ್ಗೆ ಮಾತೇ ಇಲ್ಲ. ಆದ್ರೆ ಆ ಹತ್ತೂ ಪೆನಾಲ್ಟಿ ಕಾರ್ನರ್ (ಗೋಲ್ ಮುಂದಿನ ಸರ್ಕಲ್ ಒಳಗೆ ಡಿಫೆಂಡರ್ ಕಾಲಿಗೆ ಬಾಲ್ ತಾಗೋ ಥರದ ತಪ್ಪಿಗೆ ಸಿಗೋ ಅವಕಾಶ) ಇಲ್ಲಾ ಸ್ಟ್ರೋಕ್‌ನಲ್ಲಿ (ಕೀಪರ್ ಒಬ್ಬನ ಎದುರು ಹೊಡೆಯೋದು) ಬಂದಿದ್ದು, ಅದನ್ನ ಫಾರ್ವರ್ಡ್ ಅಭಿಷೇಕ್ ಹೊಡೆದ ಎರಡರ ಪಕ್ಕ ಇಟ್ಟು ತೂಗೋದು ಯಾವ ನ್ಯಾಯ?

ಕಾರ್ನರ್ ತಾನಾಗೇ ಬರಲ್ಲ ಸ್ವಾಮಿ. ಬೆಂಗಳೂರಿನ ಶಾಂತಿನಗರದ ಹತ್ರ ನಮ್ ಅಕ್ಕಿತಿಮ್ಮನಹಳ್ಳಿ ಸ್ಟೇಡಿಯಂಗೆ ಯಾವ್ದಾದ್ರೂ ಲೋಕಲ್ ಮ್ಯಾಚಿಗೆ ಹೋಗಿ, ಬಾಲ್ ಬಿಟ್ಟು ರೈಟ್ ವಿಂಗರ್‌ನೇ ನೋಡ್ತಾ ಕೂತ್ಕೊಳ್ಳಿ. ಮೊನ್ನೆ ಒಬ್ಬ ಹುಡ್ಗ ಬೇಸ್‌ಲೈನ್ ಗುಂಟ ನುಗ್ಗಿ ಬಂದ, ಗೋಲ್‌ಗೆ ಆಂಗಲ್ಲೇ ಇಲ್ಲ, ಎದುರಿಗಿದ್ದ ಡಿಫೆಂಡರ್‌ನ ಶೂ ನೋಡ್ದ, ಟಕ್ ಅಂತ ತಾಗಿಸ್ದ, ಅಂಪೈರ್ ಎರಡೂ ಕೈ ಗೋಲ್ ಕಡೆ ಚಾಚಿದ್ರು, ಕಾರ್ನರ್. ಹಿಂದಿಂದ ಬ್ಯಾಕ್ ಆಡೋನು ನಿಧಾನಕ್ಕೆ ಜಾಗಿಂಗ್ ಮಾಡ್ಕೊಂಡ್ ಬಂದು ಫ್ಲಿಕ್ ಮಾಡ್ದ (ಬಾಲನ್ನ ಸ್ಟಿಕ್‌ನಲ್ಲಿ ಎಳೆದು ಎಸೆಯೋದು), ಗೋಲು. ಆಮೇಲೆ ಆ ವಿಂಗರ್ ಹುಡ್ಗನನ್ನ ಸಬ್ ಮಾಡಿ ಹೊರಗೆ ಕರೆದ್ರು. ಮೈಕಲ್ಲಿ ಫ್ಲಿಕ್ ಮಾಡ್ದೋನ ಹೆಸ್ರು ಎರಡು ಸಲ ಕೂಗಿದ್ರು, ಈ ಹುಡ್ಗ ಬೆಂಚಲ್ಲಿ ನೀರು ಕುಡೀತಾ ಇದ್ದ. ಬೇಯಿಸ್ದೋರು ಒಳಗೆ, ಹೆಸ್ರು ಬಡಿಸ್ದೋರಿಗೆ. ಕಾರ್ನರ್ ಗೋಲಿಗೆ ಲೈನಿಂದ ಬಾಲ್ ತಳ್ಳೋನು ಒಬ್ಬ, ಅದನ್ನ ಸರ್ಕಲ್ ಹೊರಗೆ ಸ್ಟಾಪ್ ಮಾಡೋನು ಒಬ್ಬ, ಲೆಕ್ಕದಲ್ಲಿ ಇರೋದು ಫ್ಲಿಕ್ಕರ್ ಮಾತ್ರ.

ನಮ್ಮವ್ರನ್ನೇ ತಗೊಳ್ಳಿ. 2016ರ ರಿಯೋ ಒಲಿಂಪಿಕ್ಸಲ್ಲಿ ಫಾರ್ವರ್ಡ್ ಎಸ್.ವಿ. ಸುನಿಲ್, ಡಿಫೆಂಡರ್ ವಿ.ಆರ್. ರಘುನಾಥ್ ಇಬ್ರೂ ಆಡಿದ್ರು, ಇಬ್ರೂ ಕೊಡಗಿನವ್ರು. ಸುನಿಲ್ ಕೆಲ್ಸ ಆ ಓಟದಿಂದ ಡಿಫೆನ್ಸ್ ಎಳೆದಾಡೋದು, ರಘುನಾಥ್ ಕೆಲ್ಸ ಡಿಫೆನ್ಸ್ ಜೊತೆಗೆ ಡ್ರ್ಯಾಗ್ ಫ್ಲಿಕ್. ಇವ್ರಿಬ್ರ ಗೋಲು ಎಣಿಸಿ ಯಾರ್ ಮೇಲು ಅಂತ ಜಗಳ ಆಡೋರನ್ನ ನಾನು ನೋಡಿದೀನಿ, ಕೈ ಮುಗಿದೆ.

ಇನ್ನು ಟೈಮ್ ಲೆಕ್ಕ. ರೋಲಿಂಗ್ ಸಬ್ ಇರೋದ್ರಿಂದ ಫಾರ್ವರ್ಡ್ ಸ್ವಲ್ಪ ಹೊತ್ತು ಪ್ರಾಣ ಬಿಟ್ಟು ಓಡಿ ಹೊರಗೆ ಬರ್ತಾನೆ, ಮತ್ತೆ ಹೋಗ್ತಾನೆ, ಡಿಫೆಂಡರ್ ಅರವತ್ತು ನಿಮಿಷದಲ್ಲಿ ಬಹುಪಾಲು ಒಳಗೇ. ಎರಡನೇ ಫ್ಲಿಕ್ಕರ್ ಪಾಡಂತೂ ಕೇಳ್ಬೇಡಿ, ಮೊದಲನೇ ಫ್ಲಿಕ್ಕರ್ ಗ್ರೌಂಡಲ್ಲಿ ಇದ್ದಷ್ಟು ಹೊತ್ತು ಅವನಿಗೆ ಚಾನ್ಸ್ ಕಮ್ಮಿ, ಮತ್ತೆ "ಇವನು ಗೋಲೇ ಹೊಡ್ಯಲ್ಲ" ಅಂತೀವಿ. ಎದುರಾಳಿ ಫ್ಲಿಕ್ ಮಾಡುವಾಗ ಮೈ ಅಡ್ಡ ಹಾಕ್ಕೊಂಡು ಮೊದ್ಲು ಓಡೋ ಅಮಿತ್ ರೋಹಿದಾಸ್ ಯಾವ ಲಿಸ್ಟಲ್ಲಿ ಬರ್ತಾರೆ ಹೇಳಿ?

ಐಸ್ ಹಾಕಿಯೋರು ಈ ವಿಷ್ಯದಲ್ಲಿ ಬುದ್ಧಿವಂತ್ರು. ಅಮೆರಿಕ-ಕೆನಡಾದ ಲೀಗ್ ಎನ್‌ಎಚ್‌ಎಲ್‌ನಲ್ಲಿ ಒಂದು ಗೋಲಿಗೆ ಇಬ್ರಿಗೆ ತನಕ ಅಸಿಸ್ಟ್ (ಗೋಲಿಗೆ ನೆರವಾದ ಲೆಕ್ಕ) ಕೊಡ್ತಾರೆ, ಎಷ್ಟು ನಿಮಿಷ ಐಸ್ ಮೇಲಿದ್ದ, ಪವರ್‌ಪ್ಲೇಲಿ (ಎದುರಾಳಿ ಆಟಗಾರ ಶಿಕ್ಷೆಗೆ ಹೊರಗಿದ್ದಾಗ) ಬಂದಿದ್ದೆಷ್ಟು, ಎಲ್ಲಾ ಬೇರೆ ಬೇರೆ ಲೆಕ್ಕ. 2024-25ರಲ್ಲಿ ಕೇಲ್ ಮಕಾರ್ 30 ಗೋಲು, ಅಸಿಸ್ಟ್ ಸೇರಿ 92 ಪಾಯಿಂಟ್ ಮಾಡಿದಾಗ ಅಲ್ಲಿ ಜನ ಬಾಯ್ ಬಿಟ್ಟಿದ್ದು ಅವ್ರು ಡಿಫೆನ್ಸ್‌ಮನ್ ಅನ್ನೋದಕ್ಕೆ. ನಮ್ಮಲ್ಲಿ 2016ರ ಹಾಕಿ ಇಂಡಿಯಾ ಲೀಗಲ್ಲಿ ಫೀಲ್ಡ್ ಗೋಲಿಗೆ (ಕಾರ್ನರ್, ಸ್ಟ್ರೋಕ್ ಅಲ್ದೆ ಆಟದ ನಡುವೆ ಬಂದಿದ್ದಕ್ಕೆ) ಎರಡು ಲೆಕ್ಕ ಕೊಟ್ಟಿದ್ರು. ಸ್ಕೋರ್ ನೋಡಿದ್ರೆ ತಲೆ ಕೆಡ್ತಿತ್ತು ನಿಜ, ಆದ್ರೂ ಫಾರ್ವರ್ಡ್‌ಗಳ ಬಗ್ಗೆ ಯಾರೋ ಯೋಚ್ನೆ ಮಾಡಿದ್ರಲ್ಲ.

ಹಾಗಂತ ಫಾರ್ವರ್ಡ್‌ಗಳನ್ನ ಬೈಯ್ಲೇಬಾರ್ದು ಅಂತಲ್ಲ. ಗೋಲ್‌ಕೀಪರ್ ಒಬ್ನೇ ಎದುರಿಗಿದ್ದಾಗ ಶಾಟ್ ಹೊಡೀದೆ ಡಿಫೆಂಡರ್ ಕಾಲು ಹುಡುಕೋರಿಗೆ ನಾನೂ ಬೈತೀನಿ, ಎದುರು ಟೀಮಿನ ರಷರ್ (ಫ್ಲಿಕ್ ತಡೆಯೋಕೆ ಮೊದ್ಲು ಓಡಿ ಬರೋನು) ಚೆನ್ನಾಗಿದ್ರೆ ಆ ಕಾರ್ನರ್ ಇದ್ದೂ ಇಲ್ದಂಗೆ. ಆದ್ರೆ ಬೈಯೋಕೆ ಮುಂಚೆ ಅವನು ಎಷ್ಟು ನಿಮಿಷ ಆಡ್ದ, ಎಷ್ಟು ಕಾರ್ನರ್ ತಂದ ಅಂತ ನೋಡಿ. ಪೋಸ್ಟರ್ ಮಾಡೋ ಹುಡುಗ್ರೇ, "ಕಾರ್ನರ್ ತಂದೋರು" ಅಂತ ಇನ್ನೊಂದ್ ಕಾಲಂ ಸೇರ್ಸೋಕೆ ಏನ್ ಕಷ್ಟ ನಿಮ್ಗೆ?